ದೇವರಿದ್ದಾನೆ ಅನ್ನೋದಕ್ಕೆ ಸಾಕ್ಷ್ಯ: ಒಂಬತ್ತನೇ ತರಗತಿಯಲ್ಲಿ ಈ ಚರ್ಚೆ ನಡೆಸುವುದು ಹೇಗೆ?

ಸವಿತಾ_ಸಪ್ತಾಪುರ

ಧಾರವಾಡ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆ, ಒಂಬತ್ತನೇ ತರಗತಿ, 44 ಮಕ್ಕಳು. ತರಗತಿ ಚರ್ಚೆಗೆ ಮಕ್ಕಳೇ ಆರಿಸಿದ ವಿಷಯ "ದೇವರಿದ್ದಾನೆ ಎಂಬುದಕ್ಕೆ ಸಾಕ್ಷ್ಯವಿದೆಯೇ". ಮುಖ್ಯೋಪಾಧ್ಯಾಯರು ಬೇಡ ಅಂದಿಲ್ಲ, ಯೋಜನೆಯನ್ನು ಬರೆದು ಕೊಡಿ ಅಂದಿದ್ದಾರೆ. 40 ನಿಮಿಷದ ನಾಲ್ಕು ಅವಧಿ ಸಿಗುತ್ತವೆ. ಸಂವಿಧಾನದ 28ನೇ ವಿಧಿ ಇದಕ್ಕೆ ಅಡ್ಡ ಬರುತ್ತದೆಯೇ? ಈ ವಯಸ್ಸಿಗೆ ಯಾವ ವಾದಗಳನ್ನು ಕೊಡಬಹುದು? ಕೈಮೀರದ ಹಾಗೆ ನಡೆಸುವುದು ಹೇಗೆ? "ಅದು ಶ್ರದ್ಧೆಯ ವಿಷಯ, ಬಿಟ್ಟುಬಿಡಿ" ಅನ್ನಬೇಡಿ. ಮಕ್ಕಳು ಮೊಬೈಲಿನಲ್ಲಿ ದಿನಾ ಇದನ್ನೇ ನೋಡುತ್ತಾರೆ, ಅಲ್ಲಿ ಹೇಳಿಕೊಡುವವರು ಯಾರೋ ಏನೋ.

ವಕೀಲ_ವಿದ್ಯಾನಗರ

ಮೇಡಂ, ವಿಷಯಕ್ಕೆ ಅಡ್ಡಿ ಇಲ್ಲ. ನಡೆಸುವ ರೀತಿ ತಪ್ಪಿದರೆ ಅಡ್ಡಿ ಬರುತ್ತದೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಅನ್ನುತ್ತದೆ 28(1). ಒಂದು ಮತದ ನಂಬಿಕೆಯನ್ನೋ ಆಚರಣೆಯನ್ನೋ ಮಕ್ಕಳಲ್ಲಿ ಬಿತ್ತುವುದು ಬೋಧನೆ. ಧರ್ಮಗಳ ಬಗ್ಗೆ ಓದುವುದು, ವಿಚಾರ ಮಾಡುವುದು ಅದರೊಳಗೆ ಬರುವುದಿಲ್ಲ. 1971ರ ಡಿಎವಿ ಕಾಲೇಜು ಪ್ರಕರಣದಲ್ಲಿ, ಗುರುನಾನಕರ ಜೀವನ ಮತ್ತು ಉಪದೇಶದ ಅಧ್ಯಯನಕ್ಕೆ ವಿಶ್ವವಿದ್ಯಾಲಯ ಏರ್ಪಾಡು ಮಾಡಿದರೆ ಅದು ಧಾರ್ಮಿಕ ಬೋಧನೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 2002ರ ಅರುಣಾ ರಾಯ್ ಪ್ರಕರಣದಲ್ಲೂ ಶಾಲೆಯಲ್ಲಿ ಧರ್ಮಗಳ ಕುರಿತ ಅಧ್ಯಯನಕ್ಕೆ 28ನೇ ವಿಧಿಯ ತಡೆ ಇಲ್ಲ ಎಂದೇ ತೀರ್ಪು ಬಂತು.

ನೀವು ಸರ್ಕಾರಿ ಶಿಕ್ಷಕಿ, ಅಂದರೆ ತರಗತಿಯಲ್ಲಿ ನಿಂತಾಗ ಸರ್ಕಾರದ ಪರವಾಗಿ ನಿಂತಿರುತ್ತೀರಿ. ಸರ್ಕಾರಕ್ಕೆ ಮತವಿಲ್ಲ, ಧರ್ಮನಿರಪೇಕ್ಷತೆ ಸಂವಿಧಾನದ ಮೂಲಸ್ವರೂಪದ ಭಾಗ ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರಲ್ಲಿ. ನಮ್ಮ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಗೆದ್ದು ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಅವರ ಹೆಸರಿನ ಪ್ರಕರಣ ಅದು. ಹಾಗಾಗಿ "ದೇವರಿದ್ದಾನೆ" ಎಂದೂ "ದೇವರಿಲ್ಲ" ಎಂದೂ ನೀವು ತೀರ್ಪು ಕೊಡಬೇಡಿ. ಮತ ಹಾಕಿಸಿ ಗೆದ್ದವರು ಯಾರು ಅಂತ ಘೋಷಿಸುವುದೂ ಬೇಡ.

ಯೋಜನೆಯ ಮೊದಲ ಸಾಲಿನಲ್ಲಿ ಉದ್ದೇಶ ಬರೆಯಿರಿ: ವಾದವನ್ನು ಕಟ್ಟುವುದು, ಸಾಕ್ಷ್ಯವನ್ನು ಪರೀಕ್ಷಿಸುವುದು. 1976ರ 42ನೇ ತಿದ್ದುಪಡಿಯಲ್ಲಿ ಸೇರಿದ 51ಎ(ಎಚ್) ವಿಧಿಯನ್ನೂ ಉಲ್ಲೇಖಿಸಿ. ವೈಜ್ಞಾನಿಕ ಮನೋಭಾವ, ಮಾನವೀಯತೆ, ಜಿಜ್ಞಾಸೆ ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯ ಎನ್ನುವ ವಿಧಿ ಅದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಒಂದು ಸಾಲು ದಾಖಲಾಗಲಿ. ಅನುದಾನಿತ ಶಾಲೆಯವರು ಇದನ್ನು ಓದುತ್ತಿದ್ದರೆ, ಮಠದ ಶಾಲೆಯಿರಲಿ ಮಿಷನ್ ಶಾಲೆಯಿರಲಿ, ನಿಮಗೆ ಲೆಕ್ಕಕ್ಕೆ ಬರುವುದು 28(3): ಧಾರ್ಮಿಕ ಬೋಧನೆ ಅಥವಾ ಪೂಜೆ ಇದ್ದರೆ ಅಪ್ರಾಪ್ತ ಮಕ್ಕಳ ಪಾಲಕರ ಒಪ್ಪಿಗೆ ಇಲ್ಲದೆ ಅವರನ್ನು ಕೂರಿಸುವಂತಿಲ್ಲ.

ಪಾಲಕ_ನವನಗರ

ಅಕ್ಕೋರ, ಕಾಯ್ದೆ ಎಲ್ಲಾ ಖರೆ. ಆದ್ರ ಹದಿನಾಲ್ಕು ವರ್ಷದ ಹುಡುಗ ಮನಿಗೆ ಬಂದು "ದೇವರಿಗೆ ಪ್ರೂಫ್ ಇಲ್ಲಂತ, ಸಾಲ್ಯಾಗ ಹೇಳ್ಯಾರ" ಅಂದ್ರ ಅವರಜ್ಜಿ ಏನು ಮಾಡ್ಬೇಕು? ದಿನಾ ಸಿದ್ಧಾರೂಢ ಮಠಕ್ಕ ಹೋಗು ಮುದುಕಿಗೆ ಪ್ರೂಫ್ ಕೇಳೂದು ಯಾವ ಶಿಕ್ಷಣ? ನನಗ ಸಿಟ್ಟಿಲ್ಲ, ಕಾಳಜಿ ಐತಿ.

ಮಾಳಮಡ್ಡಿ_ತರ್ಕ

ಪಾಲಕರ ಕಾಳಜಿ ಸರಿ ಅದ. ಅದಕ್ಕ ಉತ್ತರ ನಮ್ಮ ಶಾಸ್ತ್ರದೊಳಗೇ ಅದ. "ಅನುಮಾನದಿಂದ ಈಶ್ವರನ್ನ ಸಾಧಿಸಲಿಕ್ಕೆ ಆಗೂದಿಲ್ಲ" ಅಂತ ಬಿಚ್ಚಿ ಹೇಳಿದವರು ಯಾರು? (ಶಾಸ್ತ್ರದಾಗ ಅನುಮಾನ ಅಂದ್ರ ಸಂಶಯ ಅಲ್ಲ, ಕಂಡದ್ದರಿಂದ ಕಾಣದ್ದನ್ನ ತರ್ಕದಿಂದ ತಿಳಿಯೂದು.) ರಾಮಾನುಜಾಚಾರ್ಯರು. ಬ್ರಹ್ಮಸೂತ್ರದ "ಶಾಸ್ತ್ರಯೋನಿತ್ವಾತ್" ಸೂತ್ರಕ್ಕ ಬರೆದ ಭಾಷ್ಯದಾಗ ಅವರ ತರ್ಕ ಹಿಂಗ ಅದ: ದೊಡ್ಡ ಮಹಲು, ರಥ ಇಂಥವನ್ನ ಹಲವು ಮಂದಿ, ಬ್ಯಾರೆ ಬ್ಯಾರೆ ಕಾಲದಾಗ ಕಟ್ಟತಾರ, ಹಂಗಿದ್ದ ಮ್ಯಾಲೆ ಜಗತ್ತು ಕಾರ್ಯ, ಅಂದ್ರ ಹುಟ್ಟಿದ್ದು, ಅಂತ ಒಪ್ಪಿದ್ರೂ, ಮಾಡಿದಾವ ಒಬ್ಬನೇ ಅಂತ ಹೆಂಗ ಸಿದ್ಧ ಆಗತದ? ಇಷ್ಟು ಹೇಳಿದವರು ನಾಸ್ತಿಕರಲ್ಲ, ಭಕ್ತಿಮಾರ್ಗದ ಮಹಾ ಆಚಾರ್ಯರು. ಅವರಿಗೆ ದೇವರನ್ನ ತಿಳಿಸೂ ಪ್ರಮಾಣ, ಅಂದ್ರ ತಿಳಿಯೂ ಸಾಧನ, ಶಾಸ್ತ್ರ, ಅನುಮಾನ ಅಲ್ಲ. ಸ್ಕಾಟ್ಲಂಡಿನ ಡೇವಿಡ್ ಹ್ಯೂಮ್ ಹಡಗಿನ ಉದಾಹರಣೆ ಕೊಟ್ಟು ಇದೇ ಪ್ರಶ್ನೆ ಎತ್ತಿದ ಪುಸ್ತಕ ಅಚ್ಚಾದದ್ದು 1779ರಾಗ.

ಒಂದು ವಾದ ಬಿತ್ತು ಅಂದ ಮಾತ್ರಕ್ಕ ದೇವರು ಬಿದ್ದಂಗಲ್ಲ. ಒಂದು ವಾದ ನಿಂತಿತು ಅಂದ್ರ ಅಜ್ಜಿ ಕೈಮುಗಿಯೂ ದೇವರೇ ಸಿದ್ಧ ಆದ ಅಂತಲೂ ಅಲ್ಲ. ಮೊದಲನೇ ಅವಧಿಯೊಳಗ ಮಕ್ಕಳಿಗೆ ಇಷ್ಟು ತಿಳಿದ್ರ, ಮನ್ಯಾಗ ಜಗಳ ಆಗಂಗಿಲ್ಲ.

ಇನ್ನ ವಾದಗಳು. ಮೇಡಂ, ನ್ಯಾಯದವರ, ಅಂದ್ರ ನಮ್ಮ ಹಳೇ ತರ್ಕಶಾಸ್ತ್ರದ ನ್ಯಾಯದರ್ಶನದವರ, ಐದು ಅವಯವದಿಂದ (ವಾದದ ಐದು ಮೆಟ್ಟಿಲು) ಸುರು ಮಾಡ್ರಿ. ಬೋರ್ಡಿನ ಮ್ಯಾಲೆ ಐದು ಸಾಲು:

ಪ್ರತಿಜ್ಞೆ: ಭೂಮಿ, ಮೊಳಕೆ ಮೊದಲಾದವಕ್ಕ ಒಬ್ಬ ಕರ್ತೃ ಅದಾನ.
ಹೇತು: ಯಾಕಂದ್ರ ಅವು ಕಾರ್ಯ, ಅಂದ್ರ ಹುಟ್ಟಿದಂಥವು.
ಉದಾಹರಣೆ: ಯಾವುದು ಕಾರ್ಯವೋ ಅದಕ್ಕ ಕರ್ತೃ ಇರತಾನ, ಗಡಿಗಿ ಹಂಗ.
ಉಪನಯ: ಭೂಮಿ, ಮೊಳಕೆನೂ ಅಂಥಾ ಕಾರ್ಯ.
ನಿಗಮನ: ಆದ್ದರಿಂದ ಅವಕ್ಕೂ ಕರ್ತೃ ಅದಾನ.

ಈ ವಾದವನ್ನ ಗಟ್ಟಿಯಾಗಿ ಕಟ್ಟಿದಾವ ಉದಯನಾಚಾರ್ಯ, ಹತ್ತನೇ ಶತಮಾನದ ಕೊನೀಗೆ ಇದ್ದಾವ. ಈಗ ಮಕ್ಕಳ ಕೆಲಸ ದೋಷ ಹುಡುಕೂದು. ಅವರು ಮೊದಲು ಹೇಳೂದು "ಗಡಿಗಿ ಮಾಡೂ ಕುಂಬಾರಗ ಮೈ ಅದ, ಕೈ ಅದ, ದೇವರಿಗೆ?" ಅಂತ. ಇದು ಚಿಲ್ಲರೆ ಪ್ರಶ್ನೆ ಅಲ್ಲ, ಶಾಸ್ತ್ರದಾಗ ಇದಕ್ಕ ಉಪಾಧಿ, ಅಂದ್ರ ಹೇತುವಿನಾಗ ಹೇಳದೆ ಉಳಿದ ಷರತ್ತು, ಅಂತ ಹೆಸರದ. ಕರ್ತೃ ಇದ್ದಲ್ಲೆಲ್ಲಾ ಶರೀರದ ಕೆಲಸ ಕಾಣತದ. ಮೊಳಕೆ ಒಡಿಯೂದರಾಗ ಶರೀರದ ಕೆಲಸ ಕಾಣೂದಿಲ್ಲ. ಹಂಗಾದ್ರ ಎದುರಾಳಿ ತನ್ನದೇ ಅನುಮಾನ ಹೂಡತಾನ: ಭೂಮಿಗೆ ಕರ್ತೃ ಇಲ್ಲ, ಶರೀರದಿಂದ ಹುಟ್ಟಿಲ್ಲ ಅನ್ನೂ ಕಾರಣಕ್ಕ, ಆಕಾಶದ ಹಂಗ. ಎರಡೂ ಅನುಮಾನ ಎದುರುಬದುರು ನಿಂತ್ರ ಅದು ಸತ್ಪ್ರತಿಪಕ್ಷ. ಉದಯನನ ಉತ್ತರ: ಆಕಾಶ ಯಾವುದರಿಂದಲೂ ಹುಟ್ಟಿದ್ದಲ್ಲ, "ಹುಟ್ಟಿಲ್ಲ" ಅಂದ್ರೇ ಸಾಕು, "ಶರೀರದಿಂದ" ಅನ್ನೂ ವಿಶೇಷಣ ವ್ಯರ್ಥ. ಇಷ್ಟು ದೂರ ಮಕ್ಕಳನ್ನ ಕರಕೊಂಡು ಹೋದ್ರ, ಅವರು ಬ್ಯಾರೆ ಯಾವ ವಿಷಯದಾಗೂ ಪೊಳ್ಳು ವಾದಕ್ಕ ಮರುಳಾಗೂದಿಲ್ಲ.

ಶಾಸನ_ಹಾನಗಲ್

ತರ್ಕದ ಸರ್ ಹೇಳಿದ್ದಕ್ಕೆ ನಮ್ಮ ಭಾಗದ್ದೇ ಎರಡು ಸಂಗತಿ ಸೇರಿಸುತ್ತೇನೆ.

ಒಂದು, ಸೃಷ್ಟಿಕರ್ತನ ವಿರುದ್ಧದ ವಾದ ಪಶ್ಚಿಮದಿಂದ ಬಂದದ್ದು ಅಂತ ಯಾರಾದರೂ ಅಂದರೆ ಬಂಕಾಪುರ ತೋರಿಸಿ. ಒಂಬತ್ತನೇ ಶತಮಾನದ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ಕೇಳುತ್ತಾರೆ: ಸೃಷ್ಟಿಗೆ ಮುಂಚೆ ಅವನು ಎಲ್ಲಿದ್ದ? ಕೃತಾರ್ಥನಾದವನಿಗೆ, ಅಂದರೆ ಯಾವ ಕೊರತೆಯೂ ಇಲ್ಲದವನಿಗೆ, ಸೃಷ್ಟಿಸುವ ಇಚ್ಛೆ ಏಕೆ? ಕೃತಾರ್ಥನಲ್ಲದಿದ್ದರೆ ಸೃಷ್ಟಿಸುವ ಶಕ್ತಿ ಎಲ್ಲಿಂದ? ಅವರು ಅರ್ಧಕ್ಕೆ ಬಿಟ್ಟ ಮಹಾಪುರಾಣವನ್ನು ಶಿಷ್ಯ ಗುಣಭದ್ರರು ಉತ್ತರಪುರಾಣ ಬರೆದು ಮುಗಿಸಿದರು. ಅದರ ಪ್ರಶಸ್ತಿಯಲ್ಲಿ, ಅಂದರೆ ಗ್ರಂಥದ ಕೊನೆಯ ಪರಿಚಯ ಪದ್ಯಗಳಲ್ಲಿ, ಇರುವ ಊರು ಬಂಕಾಪುರ, ವರ್ಷ ಶಕ 820, ಅಂದರೆ ಕ್ರಿ.ಶ. 898ರ ಸುಮಾರು. ವೈದಿಕರೇ ಆದ, ವೇದದ ಅರ್ಥವನ್ನು ವಿಚಾರಿಸುವ ಮೀಮಾಂಸಾ ದರ್ಶನದ ಕುಮಾರಿಲಭಟ್ಟರೂ ಸೃಷ್ಟಿಕರ್ತನನ್ನು ಒಪ್ಪಲಿಲ್ಲ. "ಪ್ರಯೋಜನಮನುದ್ದಿಶ್ಯ ನ ಮಂದೋಽಪಿ ಪ್ರವರ್ತತೇ", ಉದ್ದೇಶವಿಲ್ಲದೆ ಮಂದಬುದ್ಧಿಯವನೂ ಕೆಲಸಕ್ಕೆ ಕೈಹಾಕುವುದಿಲ್ಲ, ಎಂಬ ಮಾತು ಅವರದು.

ಎರಡು, ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ಗುಡಿಯ ಶಾಸನ, ಕ್ರಿ.ಶ. 1200ರ ಆಸುಪಾಸಿನದು. ಶಿವಭಕ್ತ ಏಕಾಂತದ ರಾಮಯ್ಯ ಜೈನರೊಂದಿಗೆ ಪಣ ಕಟ್ಟುತ್ತಾನೆ. ಪಣ ಓಲೆಯ ಮೇಲೆ ಬರಹವಾಗುತ್ತದೆ. ತಲೆ ಕತ್ತರಿಸಿ ಶಿವನಿಗೆ ಒಪ್ಪಿಸಿ, ಏಳು ದಿನಗಳ ಮೇಲೆ ತಲೆಯನ್ನು ಮರಳಿ ಪಡೆಯುತ್ತಾನೆ. ಕೊನೆಗೆ ಬಿಜ್ಜಳನಿಂದ ಜಯಪತ್ರ. ಪವಾಡದ ಸಾಕ್ಷಿಯನ್ನು ಪರೀಕ್ಷಿಸಲು ಇದಕ್ಕಿಂತ ಹತ್ತಿರದ ದಾಖಲೆ ನಿಮಗೆ ಸಿಗುವುದಿಲ್ಲ. ಮಕ್ಕಳು ಕೇಳಬೇಕಾದದ್ದು: ಬಿಜ್ಜಳನ ಆಳ್ವಿಕೆ 1167ರ ಹೊತ್ತಿಗೆ ಮುಗಿದಿದೆ, ಶಾಸನ ಬರೆದದ್ದು ಯಾವಾಗ? ಬರೆಸಿದವರು ಯಾರು? ಅದೇ ಶಾಸನ ಗುಡಿಗೆ ದತ್ತಿ ಬಿಟ್ಟದ್ದನ್ನೂ ದಾಖಲಿಸುತ್ತದೆ, ಹಾಗಾದರೆ ಬರೆಸಿದವರ ಹಿತಾಸಕ್ತಿ ಏನು? ಸೋತರೆಂದು ಹೇಳಲಾದವರ ಮಾತು ಇದರಲ್ಲಿ ಇದೆಯೇ? ಘಟನೆ ನಡೆದಿರುವ ಸಂಭವ ಹೆಚ್ಚೋ, ಕಥೆ ಹೀಗೆ ಬೆಳೆದಿರುವ ಸಂಭವ ಹೆಚ್ಚೋ? ಈ ಕೊನೆಯ ಪ್ರಶ್ನೆಯನ್ನು ಹ್ಯೂಮ್ 1748ರಲ್ಲಿ ಪವಾಡಗಳ ಕುರಿತ ಪ್ರಬಂಧದಲ್ಲಿ ಕೇಳಿದ್ದ.

ಶಾಸನ ಸುಳ್ಳು ಅಂತ ಇದರ ಅರ್ಥವಲ್ಲ. 1200ರ ಹೊತ್ತಿಗೆ ಅಬ್ಬಲೂರಿನ ಶೈವರು ಏನನ್ನು ನಂಬಿದ್ದರು, ದೇವರ ವಾದಕ್ಕೆ ಪಣ, ಓಲೆ, ಜಯಪತ್ರ ಅನ್ನುವ ಪದ್ಧತಿಯನ್ನು ಹೇಗೆ ಕಲ್ಪಿಸಿಕೊಂಡಿದ್ದರು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ತಲೆ ಮರಳಿತು ಎಂಬುದಕ್ಕೆ ಅದು ದುರ್ಬಲ ಸಾಕ್ಷಿ. ಒಂದೇ ದಾಖಲೆ ಒಂದು ಪ್ರಶ್ನೆಗೆ ಗಟ್ಟಿ, ಇನ್ನೊಂದಕ್ಕೆ ಸಡಿಲು ಅನ್ನುವುದನ್ನು ಮಕ್ಕಳು ಇಲ್ಲಿ ಕಣ್ಣಾರೆ ನೋಡುತ್ತಾರೆ.

ಎಚ್ಚರಿಕೆ ಒಂದಿದೆ. ಆ ಕಥೆ ಜಿನಬಿಂಬ ಒಡೆಯುವಲ್ಲಿಗೆ ಹೋಗುತ್ತದೆ. ತರಗತಿಯಲ್ಲಿ ಜೈನ ಮಕ್ಕಳೂ ಲಿಂಗಾಯತ ಮಕ್ಕಳೂ ಇರುತ್ತಾರೆ. ಪಣ, ಓಲೆ, ಏಳು ದಿನ, ಜಯಪತ್ರ, ಇಷ್ಟನ್ನೇ ಕಾಗದದಲ್ಲಿ ಕೊಡಿ. ಉಳಿದದ್ದನ್ನು ಯಾರಾದರೂ ಕೇಳಿದರೆ ಸುಳ್ಳು ಹೇಳಬೇಡಿ. "ಹೌದು, ಅದೂ ಶಾಸನದಲ್ಲಿದೆ, ಅದು ಇತಿಹಾಸದ ಅವಧಿಯ ವಿಷಯ" ಎಂದು ಹೇಳಿ, ಆ ಅವಧಿಯಲ್ಲಿ ತಪ್ಪದೆ ಮಾತಾಡಿ.

ಫಿಜಿಕ್ಸ್_ಗದಗ

ವಿಜ್ಞಾನದ ಕಡಿಂದ ನಾಲ್ಕು ಮಾತು. ಮಕ್ಕಳು ಮೊಬೈಲಿನಿಂದ ತರೋ "ಸಾಕ್ಷ್ಯ"ದಾಗ ಹೆಚ್ಚಿನವು ಮೊದಲನೇ ಪೆಟ್ಟಿಗೇ ಬೀಳ್ತಾವ. ಸೂರ್ಯ ಓಂ ಅಂತಾನ, ನಾಸಾ ರೆಕಾರ್ಡ್ ಮಾಡೇತಿ ಅನ್ನೂದು ಒಂದು. ಸೂರ್ಯನ ಮೇಲ್ಮೈ ಸುಮಾರು ಐದು ನಿಮಿಷಕ್ಕೊಮ್ಮೆ ಏರಿಳಿತೇತಿ, ಅಂದ್ರ 3 ಮಿಲಿಹರ್ಟ್ಸ್ ಸುತ್ತಮುತ್ತ. ನಮ್ಮ ಕಿವಿಗೆ 20 ಹರ್ಟ್ಸ್‌ಕ್ಕಿಂತ ಕೆಳಗಿಂದು ಕೇಳಂಗಿಲ್ಲ. ವಿಜ್ಞಾನಿಗಳು ಆ ಕಂಪನದ ದತ್ತಾಂಶವನ್ನ 42,000 ಪಟ್ಟು ವೇಗ ಮಾಡಿ ಧ್ವನಿ ಮಾಡ್ಯಾರ. ಗುಣಾಕಾರ ಮಕ್ಕಳಿಂದಲೇ ಮಾಡಸ್ರಿ, 0.003 × 42,000, ಉತ್ತರ 126 ಹರ್ಟ್ಸ್. ಯಾವ ಸಣ್ಣ ಕಂಪನವನ್ನ ಹಿಂಗ ಓಡಿಸಿದ್ರೂ ಗುಂಯ್ ಅಂತೇತಿ. "ದೇವಕಣ" ಅನ್ನೂ ಹಿಗ್ಸ್ ಕಣದ ಶೋಧ 2012ರಾಗ ಘೋಷಣೆ ಆತು. ಆ ಹೆಸರಿಗೂ ದೇವರಿಗೂ ಸಂಬಂಧ ಇಲ್ಲ.

ಗಟ್ಟಿ ವಾದ ಬ್ಯಾರೆ ಅದಾವ, ಅವನ್ನ ಕೊಡ್ರಿ. ವಿಶ್ವಕ್ಕ ಆರಂಭ ಇತ್ತು, ಆರಂಭ ಇದ್ದದ್ದಕ್ಕೆಲ್ಲಾ ಕಾರಣ ಇರತೇತಿ ಅನ್ನೂದು ಇಸ್ಲಾಮಿನ ಕಲಾಂ ಪರಂಪರೆಯ (ಧರ್ಮದ ನಂಬಿಕೆಯನ್ನ ತರ್ಕದಿಂದ ಸಮರ್ಥಿಸೂ ಪರಂಪರೆ) ವಾದ. 1111ರಾಗ ತೀರಿಕೊಂಡ ಅಲ್ ಗಝಾಲಿ ಇದನ್ನ ಚೊಕ್ಕಾಗಿ ಕಟ್ಟಿದಾರ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಆ ಬಿಸಿ ಆರಂಭದ ಉಳಿಕೆ ಬೆಳಕು 2.7 ಕೆಲ್ವಿನ್‌ದಾಗ ಎಲ್ಲಾ ದಿಕ್ಕಿನಿಂದ ಬರತೇತಿ, ಅದು ಸಿಕ್ಕ ಸುದ್ದಿ ಪ್ರಕಟ ಆದದ್ದು 1965ರಾಗ. ಆದ್ರ ಇದು "ಏನೂ ಇಲ್ಲದ್ದರಿಂದ ಎಲ್ಲಾ ಬಂತು" ಅನ್ನೂದಕ್ಕ ಸಾಕ್ಷ್ಯ ಅಲ್ಲ. ಬಿಸಿ, ದಟ್ಟ ಸ್ಥಿತಿಯಿಂದ ಹಿಗ್ಗಿತು ಅನ್ನೂದಕ್ಕ ಸಾಕ್ಷ್ಯ. ಈ ಸಿದ್ಧಾಂತಕ್ಕ ಬುನಾದಿ ಹಾಕಿದ ಲೆಮೇತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. 1951ರಾಗ ಪೋಪರು ಇದನ್ನ ಸೃಷ್ಟಿಗೆ ಬೆಂಬಲ ಅಂತ ಹೇಳಿದಾಗ ಅವರಿಗೇ ಅದು ಒಪ್ಪಿಗೆ ಆಗಲಿಲ್ಲ. ಭೌತಶಾಸ್ತ್ರವನ್ನೂ ಧರ್ಮವನ್ನೂ ಬ್ಯಾರೆ ಬ್ಯಾರೆ ಇಟ್ಟ ಮನುಷ್ಯಾ. ಈ ಮಾತು ತರಗತಿಯಾಗ ಖಂಡಿತ ಬರಬೇಕು.

1802ರಾಗ ಪೇಲಿ ಹೂಡಿದ ಗಡಿಯಾರದ ವಾದ ಮಕ್ಕಳಿಗೆ ಲಗೂ ತಿಳಿತೇತಿ: ಗಡಿಯಾರ ಕಂಡ್ರ ಅದನ್ನ ಮಾಡಿದಾವ ಇರಬೇಕು ಅಂತೀವಿ, ಹಂಗ ಜೀವಿಗಳ ರಚನೆ ಕಂಡ್ರೂ. ಜೀವಿಗಳ ಮಟ್ಟಿಗೆ ಅದಕ್ಕ ಉತ್ತರ 1859ರ ಡಾರ್ವಿನ್. ಇಲ್ಲಿ ನನ್ನದು ಕಟ್ಟುನಿಟ್ಟು ಮಾತು: ವಿಕಾಸವಾದವನ್ನ "ಒಂದು ಪಕ್ಷ" ಮಾಡಿ ಚರ್ಚೆಗೆ ಇಡಬ್ಯಾಡ್ರಿ. ವಿಕಾಸ ಆಗೇತೋ ಇಲ್ಲೋ ಅನ್ನೂದು ಮಕ್ಕಳು ಕೈ ಎತ್ತಿ ತೀರ್ಮಾನ ಮಾಡೂದಲ್ಲ. ವಿಕಾಸ ಒಪ್ಪಿದ ಮ್ಯಾಲೂ ನಿಸರ್ಗದ ನಿಯಮಗಳು ಯಾಕ ಹಿಂಗ ಅದಾವ ಅನ್ನೂ ಪ್ರಶ್ನೆ ಉಳಿತೇತಿ, ಚರ್ಚೆ ಅಲ್ಲಿಂದ ನಡೀಲಿ. ಹಂಗs ಇಡೀ ಚರ್ಚೆ ಕನ್ನಡ ಇಲ್ಲಾ ಸಮಾಜದ ಅವಧಿಯಾಗ ಇರಲಿ, ವಿಜ್ಞಾನದ ಅವಧಿಯಾಗ ಬ್ಯಾಡ.

ಬಿಎಡ್_ಹಾವೇರಿ

ಸಾಕ್ಷ್ಯ ಅಂದರೇನು ಅನ್ನುವುದು ಕೈಗೆ ಸಿಗದೆ ಈ ವಾದಗಳೆಲ್ಲ ಬಾಯಿಪಾಠ ಆಗುತ್ತವೆ. ಮೊದಲನೇ ಅವಧಿಯಲ್ಲಿ ಹೀಗೆ ಮಾಡಿಸಬಹುದು. ಹಾಳೆಯಲ್ಲಿ ಎರಡು ಕಾಲಂ: "ಇದ್ದರೆ ಈ ಸಂಗತಿ ಕಾಣುವ ಸಂಭವ", "ಇಲ್ಲದಿದ್ದರೆ ಕಾಣುವ ಸಂಭವ". ಪ್ರತಿ ಸಂಗತಿಗೂ ಹತ್ತಕ್ಕೆ ಎಷ್ಟು ಅಂತ ಅಂಕ. ಎರಡೂ ಕಾಲಂನಲ್ಲಿ ಒಂದೇ ಅಂಕ ಬಂದರೆ ಆ ಸಂಗತಿ ಯಾವ ಕಡೆಗೂ ಸಾಕ್ಷ್ಯವಲ್ಲ. ಅಂತರ ದೊಡ್ಡದಾದಷ್ಟೂ ಸಾಕ್ಷ್ಯ ಗಟ್ಟಿ.

ಗುರ್ಜಿಯಿಂದ, ಅಂದರೆ ಮಳೆಗಾಗಿ ಊರವರು ಮಾಡುವ ಆಚರಣೆಯಿಂದ, ಶುರು ಮಾಡಿ, ಎಲ್ಲ ಮಕ್ಕಳಿಗೂ ಗೊತ್ತು. "ಗುರ್ಜಿ ಆಡಿದ ಮೇಲೆ ಮಳೆ ಬಂತು." ನಾಲ್ಕು ಮನೆ ಬರೆಯಿಸಿ: ಆಡಿದೆವು–ಬಂತು, ಆಡಿದೆವು–ಬರಲಿಲ್ಲ, ಆಡಲಿಲ್ಲ–ಬಂತು, ಆಡಲಿಲ್ಲ–ಬರಲಿಲ್ಲ. ನೆನಪಿನಲ್ಲಿ ಉಳಿಯುವುದು ಮೊದಲನೇ ಮನೆ ಮಾತ್ರ. ಇನ್ನೊಂದು, ಗುರ್ಜಿ ಆಡುವುದು ಮಳೆಗಾಲದಲ್ಲಿ ಮಳೆ ತಡವಾದಾಗ. ಆ ಹೊತ್ತಿನಲ್ಲಿ ಆಡದಿದ್ದರೂ ಮುಂದಿನ ವಾರಗಳಲ್ಲಿ ಮಳೆ ಬರುವ ಸಂಭವ ಹೆಚ್ಚೇ. ಆದ್ದರಿಂದ ಎರಡೂ ಕಾಲಂನ ಅಂಕ ಹತ್ತಿರ ಹತ್ತಿರ ಬರುತ್ತದೆ. ಗುರ್ಜಿಯನ್ನು ಹಂಗಿಸುವಂತೆ ಆಗಬಾರದು. ಊರು ಒಟ್ಟಾಗಿ ಕಷ್ಟವನ್ನು ಎದುರಿಸುವ ರೀತಿ ಅದು, ಮಳೆಯ ಲೆಕ್ಕದಿಂದ ಅದರ ಬೆಲೆ ಕಟ್ಟುವಂತಿಲ್ಲ. ಇದನ್ನೂ ಬಾಯಿಬಿಟ್ಟು ಹೇಳಿ.

ಮುಂದಿನದು 2006ರಲ್ಲಿ ಪ್ರಕಟವಾದ ಪ್ರಾರ್ಥನೆಯ ಪ್ರಯೋಗ. ಅಮೆರಿಕದ ಆರು ಆಸ್ಪತ್ರೆ, ಬೈಪಾಸ್ ಶಸ್ತ್ರಚಿಕಿತ್ಸೆಯ 1,802 ರೋಗಿಗಳು, ಮೂರು ಗುಂಪು. ಪ್ರಾರ್ಥನೆ ಇರಬಹುದು ಅಥವಾ ಇಲ್ಲದಿರಬಹುದು ಎಂದಷ್ಟೇ ತಿಳಿದಿದ್ದ ಎರಡು ಗುಂಪಿನಲ್ಲಿ, ಪ್ರಾರ್ಥನೆ ನಡೆದ ಗುಂಪಿನ 52% ಮಂದಿಗೆ ತೊಡಕು ಕಾಣಿಸಿತು, ನಡೆಯದ ಗುಂಪಿನಲ್ಲಿ 51%. ನಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದಿದ್ದ ಮೂರನೇ ಗುಂಪಿನಲ್ಲಿ 59%. ಮಕ್ಕಳು ಇದರ ಮೇಲೆ ಎರಡೂ ದಿಕ್ಕಿನಲ್ಲಿ ದುಡುಕುತ್ತಾರೆ. ಪ್ರಯೋಗ ತೋರಿಸಿದ್ದು, ಗುರುತಿಲ್ಲದವರು ಗೊತ್ತುಪಡಿಸಿದ ದಿನಗಳಲ್ಲಿ ಮಾಡಿದ ಪ್ರಾರ್ಥನೆಯಿಂದ ತೊಡಕು ಕಡಿಮೆಯಾಗಲಿಲ್ಲ ಎಂದು. ಪರೀಕ್ಷೆಗೆ ಮಣಿದು ವರ ಕೊಡುವ ದೇವರು ಎಂಬ ಕಲ್ಪನೆಗೆ ಅದು ಪೆಟ್ಟು. ಪರೀಕ್ಷೆಗೆ ಒಳಪಡದ ಪರಬ್ರಹ್ಮದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅದಕ್ಕೇ ಮೊದಲ ಹತ್ತು ನಿಮಿಷದಲ್ಲಿ "ಯಾವ ದೇವರ ಬಗ್ಗೆ ಮಾತು" ಅಂತ ಬೋರ್ಡಿನ ಮೇಲೆ ಬರೆಯಲೇಬೇಕು: ಜಗತ್ತನ್ನು ಮಾಡಿದವನೋ, ಮೊರೆ ಕೇಳುವವನೋ, ಗುಣವಿಲ್ಲದ ಬ್ರಹ್ಮವೋ. ಇದನ್ನು ಬಿಟ್ಟರೆ ನಾಲ್ಕೂ ಅವಧಿ ಒಬ್ಬರು ಒಂದನ್ನು ಹೇಳಿ ಇನ್ನೊಬ್ಬರು ಬೇರೆಯದಕ್ಕೆ ಉತ್ತರ ಕೊಡುವುದರಲ್ಲೇ ಮುಗಿಯುತ್ತದೆ.

44 ಮಕ್ಕಳಿಗೆ ಎಂಟು ಗುಂಪು, ನಾಲ್ಕರಲ್ಲಿ ಐದೈದು, ನಾಲ್ಕರಲ್ಲಿ ಆರಾರು. ಪಕ್ಷವನ್ನು ಚೀಟಿ ಎತ್ತಿ ಹಂಚಿ, ಮಕ್ಕಳ ನಂಬಿಕೆ ಕೇಳಿ ಅಲ್ಲ. ಮೂರನೇ ಅವಧಿಯಲ್ಲಿ ಪಕ್ಷ ಅದಲುಬದಲು. ಮಾತಿಗೆ ಎರಡು ನಿಮಿಷ, ಅದರ ಮೊದಲ ಅರ್ಧ ನಿಮಿಷ ಎದುರಿನವರ ವಾದವನ್ನು ತಿರುಗಿ ಹೇಳಲು. "ಹೌದು, ನಾವು ಹೇಳಿದ್ದು ಅದೇ" ಅಂತ ಎದುರಿನವರು ಒಪ್ಪಿದ ಮೇಲೆಯೇ ಮುಂದಿನ ಮಾತು. 20 ಅಂಕದಲ್ಲಿ ಇದಕ್ಕೇ 8 ಇಡಿ, ದೋಷ ಗುರುತಿಸಲು 6, ಸಂಗತಿ ಸರಿ ಇರುವುದಕ್ಕೆ 4, ಭಾಷೆಗೆ 2. ಭಾಷೆಗೆ ಹೆಚ್ಚು ಇಟ್ಟರೆ ಗಟ್ಟಿ ದನಿಯವರೇ ಗೆಲ್ಲುತ್ತಾರೆ.

ಎಲ್ಲಿ ಕೆಡುತ್ತದೆ ಅಂದರೆ, ಚಪ್ಪಾಳೆಗೆ ಬಿಟ್ಟ ಕ್ಷಣ ಅದು ಸಭೆಯಾಗುತ್ತದೆ. ಯಾರಾದರೂ ಮೊಬೈಲಿನಲ್ಲಿ ಹಿಡಿದರೆ, ಪೂರ್ವಪಕ್ಷ (ಎದುರಾಳಿಯ ವಾದ) ಹೇಳುತ್ತಿದ್ದ ಹುಡುಗಿಯ ಇಪ್ಪತ್ತು ಸೆಕೆಂಡಿನ ತುಣುಕು ಊರೆಲ್ಲ ಓಡಾಡುತ್ತದೆ. ಹಾಗಾಗಿ ಶಿಕ್ಷಕರ ಫೋನ್ ಸಹಿತ ಎಲ್ಲ ಫೋನೂ ಹೊರಗೆ. ಒಂದು ಧರ್ಮದ ಮಗು ಒಬ್ಬರೇ ಇದ್ದರೆ ಆ ಧರ್ಮದ ವಾದವನ್ನು ಆ ಮಗುವಿಗೆ ಕೊಡಬೇಡಿ, ಇಡೀ ಸಮುದಾಯದ ಭಾರ ಅದರ ಹೆಗಲಿಗೆ ಬೀಳುತ್ತದೆ. "ಟೀಚರ್, ನೀವು ನಂಬ್ತೀರಾ?" ಅಂತ ಕೇಳಿಯೇ ಕೇಳುತ್ತಾರೆ. ಉತ್ತರ ಮೊದಲೇ ಸಿದ್ಧ ಇರಲಿ: "ನನ್ನ ನಂಬಿಕೆ ನಿಮ್ಮ ವಾದಕ್ಕೆ ಸಾಕ್ಷ್ಯವಲ್ಲ, ಅದಕ್ಕೆ ಹೇಳುವುದಿಲ್ಲ."

ಪಾಲಕ_ನವನಗರ

ಪಕ್ಷ ಅದಲುಬದಲು ಮಾಡೂದು ನನಗ ಮನಸ್ಸಿಗೆ ಬಂತು. ಒಂದು ಕೇಳ್ತೀನಿ: ಅನುಭವದ ಮಾತು ಎಲ್ಲೂ ಬರಲಿಲ್ಲಲ್ರೀ? ಶಿಶುನಾಳ ಶರೀಫಜ್ಜ ಹಾಡಿದ್ದು ಪ್ರತಿಜ್ಞೆ, ಹೇತು ಕಟ್ಟಿ ಅಲ್ಲ. ಕಂಡವರು ಕಂಡೀವಿ ಅಂದ್ರ ಅದು ಸಾಕ್ಷ್ಯ ಅಲ್ಲೇನು?

ಮಾಳಮಡ್ಡಿ_ತರ್ಕ

ಬಹಳ ಮುಖ್ಯ ಪ್ರಶ್ನೆ ಕೇಳಿದ್ರಿ. ನ್ಯಾಯದವರು ಯೋಗಿಗಳ ಪ್ರತ್ಯಕ್ಷ ಅಂತ ಒಂದನ್ನ ಒಪ್ಪತಾರ, ಮೀಮಾಂಸಕರು ಒಪ್ಪೂದಿಲ್ಲ. ಸಾಮಾನ್ಯವಾಗಿ, ಮೋಸ ಹೋಗಿರಲಿಕ್ಕೆ ಕಾರಣ ಕಾಣದಿದ್ರ ಕಂಡವನ ಮಾತನ್ನ ನಂಬತೀವಿ, ಕೋರ್ಟಿನಾಗೂ ಹಂಗೇ. ತೊಡಕು ಏನಂದ್ರ ಒಬ್ಬೊಬ್ಬರು ಕಂಡದ್ದು ಒಂದೊಂದು ರೂಪ, ಇನ್ನೊಬ್ಬರಿಗೆ ತೋರಸಲಿಕ್ಕೆ ಬರೂದಿಲ್ಲ. ಹಂಗಾಗಿ ಕಂಡವರಿಗೆ ಅದು ಪ್ರಮಾಣ ಆಗಬಹುದು, ಕೇಳಿದವರಿಗೆ ಆಗಬೇಕಾದ್ರ ಬರೇ ಮಾತು ಸಾಲೂದಿಲ್ಲ. ಮೇಡಂ, ಎಂಟು ಗುಂಪಿನಾಗ ಒಂದಕ್ಕ ಈ ವಾದವನ್ನೇ ಕೊಡ್ರಿ, ಬಿಡಬ್ಯಾಡ್ರಿ. ಹಂಗೇ ಒಂದು ಗುಂಪಿಗೆ ದುಃಖದ ಪ್ರಶ್ನೆ: ಒಳ್ಳೆ ದೇವರಿದ್ರ ಕೂಸು ಯಾಕ ಸಾಯತಾವ? ಬ್ರಹ್ಮಸೂತ್ರವೇ ವೈಷಮ್ಯ (ಪಕ್ಷಪಾತ), ನೈರ್ಘೃಣ್ಯ (ಕರುಣೆ ಇಲ್ಲದಿರೂದು) ಅಂತ ಈ ಆಕ್ಷೇಪವನ್ನ ಎತ್ತಿಕೊಂಡು, ಕರ್ಮದ ಅಪೇಕ್ಷೆ, ಅಂದ್ರ ದೇವರು ಅವರವರ ಕರ್ಮ ನೋಡಿ ಕೊಡತಾನ, ಅಂತ ಉತ್ತರ ಕೊಡತದ. ಆದ್ರ ಮನ್ಯಾಗ ಇತ್ತೀಚೆಗೆ ಸಾವು ಆದ ಮಕ್ಕಳು ಆ ಗುಂಪಿನಾಗ ಬರದಂಗ ನೋಡ್ಕೋರಿ. "ನಿಮ್ಮಪ್ಪ ಕರ್ಮದಿಂದ ಹೋದ" ಅಂತ ಯಾರೋ ಅಂದುಬಿಟ್ರ ನಾಲ್ಕು ಅವಧಿಯ ಕೆಲಸ ನೀರಪಾಲು.

ಸವಿತಾ_ಸಪ್ತಾಪುರ

ಎಲ್ಲರಿಗೂ ಧನ್ಯವಾದ. ಯೋಜನೆ ಹೀಗೆ ಬರೆಯುತ್ತಿದ್ದೇನೆ. ಒಂದನೇ ಅವಧಿ: ಯಾವ ದೇವರು, ಯಾವುದು ಸಾಕ್ಷ್ಯ, ಗುರ್ಜಿಯ ನಾಲ್ಕು ಮನೆ. ಎರಡನೆಯದು: ಐದು ಅವಯವ, ಗುಂಪಿಗೊಂದು ವಾದ: ಉದಯನ, ಗಝಾಲಿ, ಪೇಲಿ, ಅನುಭವ, ಎದುರಿಗೆ ಜಿನಸೇನ, ರಾಮಾನುಜ, ಹ್ಯೂಮ್, ದುಃಖದ ಪ್ರಶ್ನೆ. ಮೂರನೆಯದು ಪಕ್ಷ ಬದಲಿಸಿ ವಾದ. ನಾಲ್ಕನೆಯದು ಅಬ್ಬಲೂರಿನ ಶಾಸನದ ಮೇಲೆ ಬರವಣಿಗೆ. ರಾಮಾನುಜರನ್ನು "ಎದುರಿಗೆ" ಇಡುವುದು ಸರಿಯೇ ಅನ್ನುವುದೊಂದೇ ಅನುಮಾನ.

ಮಾಳಮಡ್ಡಿ_ತರ್ಕ

ಸರಿ ಅದ, ಆದ್ರ ಚೀಟಿ ಮ್ಯಾಲೆ "ದೇವರಿಲ್ಲ" ಅಂತ ಬರೀಬ್ಯಾಡ್ರಿ, "ಈ ವಾದ ಸಾಲದು" ಅಂತ ಬರೀರಿ. ಎಂಟೂ ಚೀಟಿಯ ಭಾಷೆ ಹಂಗೇ ಇರಲಿ: "ಈ ವಾದ ಸಾಕು", "ಈ ವಾದ ಸಾಲದು". ಹೆಸರು ಹಚ್ಚೂದು ಎರಡನೇ ಅವಧಿ ಮುಗಿದ ಮ್ಯಾಲೆ. ಮೊದಲೇ ರಾಮಾನುಜಾಚಾರ್ಯರ ಹೆಸರು ಕಂಡ್ರ ಕೈಮುಗಿದು ಒಪ್ಪತಾರ, ಗಝಾಲಿ ಅಂತ ಕಂಡ್ರ ಓದೂ ಮುಂಚೆ ಯಾರದೋ ಮುಖ ನೋಡತಾರ.

ವಕೀಲ_ವಿದ್ಯಾನಗರ

ಅದೇ ವಾಕ್ಯ ಯೋಜನೆಯಲ್ಲೂ ಬರಲಿ ಮೇಡಂ. "ದೇವರಿದ್ದಾನೆಯೇ" ಅನ್ನುವ ಶೀರ್ಷಿಕೆ ತೆಗೆದು "ದೇವರ ಕುರಿತ ವಾದಗಳ ಪರೀಕ್ಷೆ" ಅಂತ ಇಡಿ. ಎಸ್‌ಡಿಎಂಸಿಗೆ ಚೀಟಿಗಳ ಒಂದು ಪ್ರತಿಯನ್ನೂ ಲಗತ್ತಿಸಿ.